ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ

ಯುದ್ಧದ ಸಿನಿಮಾ ಬೇರೆ, ಮನೆಮಂದಿಯೆಲ್ಲ ಕೂತು ನೋಡೋ ಸಿನಿಮಾ ಬೇರೆ ಅಂತ ನಾವು ತಲೆಯಲ್ಲಿ ಎರಡು ಫೋಲ್ಡರ್ ಮಾಡಿಟ್ಟಿರುತ್ತೇವೆ. ಆದರೆ 1988ರ ಏಪ್ರಿಲ್ 16ರಂದು ಜಪಾನಿನ ಘಿಬ್ಲಿ ಸ್ಟುಡಿಯೋ ಈ ಎರಡನ್ನೂ ಒಂದೇ ಟಿಕೆಟ್ಟಿಗೆ ತೋರಿಸಿತು. ಒಂದು, ಇಸಾವೊ ತಕಾಹಾತಾ ಅವರ 'ಗ್ರೇವ್ ಆಫ್ ದ ಫೈರ್‌ಫ್ಲೈಸ್'. ಇನ್ನೊಂದು, ಹಯಾವೊ ಮಿಯಾಜಾಕಿ ಅವರ 'ಮೈ ನೇಬರ್ ಟೊಟೊರೊ'. ಎರಡೂ ಅನಿಮೇಷನ್.

ಡೆಡ್‌ಲೈನ್ ಕಥೆ ನಮಗೆ ಹೊಸದಲ್ಲ ಬಿಡಿ. 'ಫೈರ್‌ಫ್ಲೈಸ್' ಬಿಡುಗಡೆಯ ದಿನವೂ ಪೂರ್ತಿ ಮುಗಿದಿರಲಿಲ್ಲ. ಕೆಲವು ತುಣುಕುಗಳು ಬಣ್ಣ ತುಂಬದೆಯೇ ಪರದೆಗೆ ಹೋದವು. ಗಲ್ಲಾಪೆಟ್ಟಿಗೆಯಲ್ಲೂ ಈ ಜೋಡಿ ಹೇಳಿಕೊಳ್ಳುವಂತೆ ಓಡಲಿಲ್ಲ.

ನಾನು ಎರಡನ್ನೂ ಒಂದರ ಹಿಂದೊಂದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಹೋಲಿಕೆ. ಎರಡರಲ್ಲೂ ನಾಲ್ಕು ವರ್ಷದ ಪುಟ್ಟ ಹುಡುಗಿ, ಅವಳನ್ನು ನೋಡಿಕೊಳ್ಳೋ ಅಣ್ಣ ಅಥವಾ ಅಕ್ಕ, ಮನೆಯಲ್ಲಿಲ್ಲದ ಅಮ್ಮ. ಟೊಟೊರೊದ ಅಮ್ಮ ಆಸ್ಪತ್ರೆಯಲ್ಲಿದ್ದಾಳೆ. ಫೈರ್‌ಫ್ಲೈಸ್‌ನ ಅಮ್ಮ 1945ರ ಕೋಬೆ ಬಾಂಬ್ ದಾಳಿಯಲ್ಲಿ ಸುಟ್ಟು ಸಾಯುತ್ತಾಳೆ.

ಇದು ಕಾಕತಾಳೀಯ ಇರಬಹುದು. ಆದರೆ ಇಬ್ಬರು ನಿರ್ದೇಶಕರ ಬಾಲ್ಯ ನೋಡಿ. 1945ರ ಜೂನ್ 29ರಂದು ಒಕಾಯಾಮಾ ಉರಿದಾಗ ತಕಾಹಾತಾಗೆ ಒಂಬತ್ತು ವರ್ಷ. ಮನೆಯವರಿಂದ ಬೇರೆಯಾಗಿ ಅಕ್ಕನ ಜೊತೆ ಬರಿಗಾಲಲ್ಲಿ ಓಡಿದರು. ಎರಡು ವಾರದ ನಂತರ ಉತ್ಸುನೊಮಿಯಾ ಉರಿಯಿತು. ಅಲ್ಲಿದ್ದ ಮಿಯಾಜಾಕಿಗೆ ನಾಲ್ಕು ವರ್ಷ. ಅವರ ಮನೆಯವರ ಕಾರ್ಖಾನೆ ಯುದ್ಧವಿಮಾನಗಳ ಬಿಡಿಭಾಗ ಮಾಡುತ್ತಿತ್ತು, ಹಾಗಾಗಿ ತಪ್ಪಿಸಿಕೊಳ್ಳಲು ಟ್ರಕ್ ಇತ್ತು. ದಾರಿಯಲ್ಲಿ ಮಗುವನ್ನು ಎತ್ತಿಕೊಂಡ ಒಬ್ಬರು ಹತ್ತಿಸಿಕೊಳ್ಳಿ ಅಂತ ಬೇಡಿದರು. ಟ್ರಕ್ ನಿಲ್ಲಲಿಲ್ಲ. ಈ ನೆನಪು ದೊಡ್ಡವನಾದ ಮೇಲೂ ತನ್ನನ್ನು ಬಿಡಲಿಲ್ಲ ಅಂತ ಮಿಯಾಜಾಕಿಯೇ ಹೇಳಿಕೊಂಡಿದ್ದಾರೆ.

ಫೈರ್‌ಫ್ಲೈಸ್‌ಗೆ ಆಧಾರವಾದ 1967ರ ಕಥೆ ಬರೆದ ಅಕಿಯುಕಿ ನೊಸಾಕಾ ಅವರದ್ದೂ ಇಂಥದ್ದೇ ನೋವು. ಅವರ ಪುಟ್ಟ ತಂಗಿ ಹಸಿವಿನಿಂದ ಸತ್ತಳು. ಕಥೆಯ ಅಣ್ಣನಷ್ಟು ಒಳ್ಳೆಯವನಾಗಿ ತಾನು ನಡೆದುಕೊಳ್ಳಲಿಲ್ಲ ಅಂತ ಅವರು ಒಪ್ಪಿಕೊಂಡಿದ್ದರು.

ಈಗ ನನಗೆ ಮುಖ್ಯ ಅನ್ನಿಸಿದ ವಿಷಯಕ್ಕೆ ಬರ್ತೀನಿ. ಟೊಟೊರೊದ ಜಪಾನಿ ಹೆಸರಿನಲ್ಲಿ 'ತೊನಾರಿ' ಅಂತ ಒಂದು ಪದ ಇದೆ. ಅಂದರೆ ನೆರೆ, ಪಕ್ಕದ ಮನೆ. ಇದೇ ಪದಕ್ಕೆ ಇನ್ನೊಂದು ಚರಿತ್ರೆಯೂ ಇದೆ. 1940ರಲ್ಲಿ ಜಪಾನ್ ಸರ್ಕಾರ ಸುಮಾರು ಹತ್ತು ಹತ್ತು ಮನೆಗಳನ್ನು ಸೇರಿಸಿ 'ತೊನಾರಿಗುಮಿ' ಎಂಬ ನೆರೆಹೊರೆ ಗುಂಪುಗಳನ್ನು ಕಡ್ಡಾಯ ಮಾಡಿತು. ಬೆಂಕಿ ಆರಿಸೋದು, ಯುದ್ಧದ ಬಾಂಡ್ ಮಾರೋದು, ರೇಷನ್ ಹಂಚೋದು ಎಲ್ಲ ಇದರ ಮೂಲಕವೇ. ಜೊತೆಗೆ ಒಬ್ಬರ ಮೇಲೊಬ್ಬರ ಕಣ್ಣು.

ಫೈರ್‌ಫ್ಲೈಸ್‌ನ ಅಣ್ಣ ಸೇಯಿತಾ, ಚಿಕ್ಕಮ್ಮನ ಮಾತಿನ ಚುಚ್ಚು ತಾಳದೆ ತಂಗಿಯನ್ನು ಕರೆದುಕೊಂಡು ಕೆರೆದಂಡೆಯ ಗುಹೆಗೆ ಹೋಗಿಬಿಡುತ್ತಾನೆ. ಹಾಗೆ ಹೋದ ದಿನವೇ ಅವನು ಈ ವ್ಯವಸ್ಥೆಯಿಂದಲೂ ಹೊರಬಿದ್ದ. ತಂಗಿ ಸಾಯೋದು ಬಾಂಬಿನಿಂದಲ್ಲ, ಹಸಿವಿನಿಂದ. ಅದೂ ಯುದ್ಧ ಮುಗಿದ ಮೇಲೆ! ಕೊನೆಗೆ ಸ್ಟೇಷನ್ನಿನಲ್ಲಿ ಸೇಯಿತಾ ಒರಗಿ ಬಿದ್ದಿರುವಾಗ ಜನ ಅವನನ್ನು ದಾಟಿಕೊಂಡು ಹೋಗುತ್ತಾರೆ. ಇದು ಯುದ್ಧವಿರೋಧಿ ಚಿತ್ರ ಅಲ್ಲ ಅಂತ ತಕಾಹಾತಾ ಮತ್ತೆ ಮತ್ತೆ ಯಾಕೆ ಹೇಳ್ತಿದ್ರು ಅನ್ನೋದು ನನಗೆ ಇಲ್ಲಿ ಅರ್ಥವಾಯಿತು.

ಟೊಟೊರೊ 1950ರ ದಶಕದ ಹಳ್ಳಿಯ ಕಥೆ. ಮೇ ಕಾಣೆಯಾಗುತ್ತಾಳೆ. ಕೆರೆಯಲ್ಲಿ ಪುಟ್ಟ ಚಪ್ಪಲಿ ಸಿಗುತ್ತದೆ. ಊರಿಗೆ ಊರೇ ಹೊಲದ ಕೆಲಸ ಬಿಟ್ಟು ನೀರಿಗಿಳಿದು ಹುಡುಕುತ್ತದೆ. ಅವರಿಗೆ ಯಾರೂ ಆದೇಶ ಕೊಟ್ಟಿರಲಿಲ್ಲ. ಆ ಮಕ್ಕಳು ಊರಿಗೆ ಹೊಸಬರು ಬೇರೆ. ಒಮ್ಮೆ ನಿಲ್ಲದೇ ಹೋದ ಟ್ರಕ್ಕನ್ನು ಮಿಯಾಜಾಕಿ ಇಲ್ಲಿ ನಿಲ್ಲಿಸಿದ್ದಾರೆ ಅಂತ ನಾನು ಓದಿಕೊಳ್ಳುತ್ತೇನೆ.

ನನ್ನ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ನೀರಿನ ಟ್ಯಾಂಕರ್, ಪಾರ್ಕಿಂಗ್, ಮೆಂಟೆನೆನ್ಸ್ ಎಲ್ಲ ಬರುತ್ತೆ. ಎದುರು ಮನೆಯ ಮಗುವಿನ ಹೆಸರು ಮಾತ್ರ ನನಗೆ ಗೊತ್ತಿರಲಿಲ್ಲ. ಸಿನಿಮಾ ನೋಡಿದ ಮರುದಿನ ಕೇಳಿ ತಿಳಿದುಕೊಂಡೆ.

ಎರಡನ್ನೂ ಒಂದೇ ದಿನ ನೋಡೋ ಧೈರ್ಯ ಇದ್ದರೆ ಫೈರ್‌ಫ್ಲೈಸ್ ಮೊದಲು ನೋಡಿ, ಟೊಟೊರೊ ಆಮೇಲೆ. ಮುಂದಿನ ಮಾತಿನಲ್ಲಿ ಸಿಗೋಣ.