ಮೆಮೊರಿ ಮುಗಿದಿಲ್ಲ ಸ್ವಾಮಿ, ದಾರ ಮುಗಿದಿದೆ!

ಬಿ.ಕಾಂ. ಓದಿ ಬ್ಯಾಂಕು ಸೇರಿದವನು ಜಾವಾ ಬಗ್ಗೆ ಬರೆಯುವುದು ಅಧಿಕಪ್ರಸಂಗ ಅಂತ ನಿಮಗನ್ನಿಸಬಹುದು. ಆದರೆ ಲೆಡ್ಜರು ಹೋಗಿ ಕಂಪ್ಯೂಟರ್ ಬಂದ ಮೇಲೆ, "ಸರ್ವರ್ ಡೌನ್" ಅನ್ನೋ ಮಾತನ್ನ ಗ್ರಾಹಕರ ಮುಖ ನೋಡಿ ಹೇಳುವ ಕರ್ಮ ನಮ್ಮದೇ ತಾನೆ? ಹಾಗಾಗಿ ಅದು ಯಾಕೆ ಡೌನ್ ಆಗುತ್ತೆ ಅಂತ ಬಲ್ಲವರನ್ನ ಕೇಳುತ್ತಾ, ಸಿಕ್ಕಿದ್ದನ್ನ ಓದುತ್ತಾ ಬಂದಿದ್ದೇನೆ. ಹಾಗೆ ಓದಿದ್ದರಲ್ಲಿ ಒಂದು ಎರರ್ ಮೆಸೇಜಿನ ಚರಿತ್ರೆ ನನಗೆ ಬಹಳ ಸ್ವಾರಸ್ಯ ಅನ್ನಿಸಿತು. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಈಗ ಒಬ್ಬರಾದರೂ ಸಾಫ್ಟ್‌ವೇರಿನವರು ಇದ್ದೇ ಇರುತ್ತಾರೆ. ಅವರಿಗೆ ಇದು ಹಳೆಯ ವಿಷಯ; ಉಳಿದವರಿಗಾಗಿ ಬರೆಯುತ್ತಿದ್ದೇನೆ.

ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರ ಮೇ ತಿಂಗಳಲ್ಲಿ ಜಾವಾ ಭಾಷೆಯನ್ನು ಲೋಕಕ್ಕೆ ಪರಿಚಯಿಸಿತು. ಅದರ ಮೊದಲ ಆವೃತ್ತಿ ಬಂದಿದ್ದು 1996ರ ಜನವರಿಯಲ್ಲಿ. ಜೇಮ್ಸ್ ಗಾಸ್ಲಿಂಗ್ ಮತ್ತವರ ತಂಡ ಮೊದಲ ದಿನದಿಂದಲೇ ಅದರಲ್ಲಿ 'ಥ್ರೆಡ್' ಅನ್ನೋ ಸೌಕರ್ಯ ಇಟ್ಟಿದ್ದರು. ಥ್ರೆಡ್ ಅಂದರೆ ದಾರ. ಒಂದೇ ಪ್ರೋಗ್ರಾಮಿನೊಳಗೆ ಹಲವು ಕೆಲಸಗಳು ಒಟ್ಟಿಗೆ ನಡೆಯಬೇಕಾದರೆ ಒಂದೊಂದು ಕೆಲಸಕ್ಕೆ ಒಂದೊಂದು ದಾರ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಒಂದೇ ಶಾಖೆಯಲ್ಲಿ ಹತ್ತು ಕೌಂಟರು, ಹತ್ತು ಗುಮಾಸ್ತರು. ಬಂದ ಗ್ರಾಹಕನಿಗೆಲ್ಲ ಒಬ್ಬೊಬ್ಬ ಗುಮಾಸ್ತನನ್ನು ಕೊಟ್ಟುಬಿಟ್ಟರೆ ಕ್ಯೂ ನಿಲ್ಲುವ ತೊಂದರೆಯೇ ಇಲ್ಲ. ಇಂಟರ್ನೆಟ್ ಆಗಷ್ಟೇ ಬೆಳೆಯುತ್ತಿದ್ದ ಕಾಲ. ಪ್ರೋಗ್ರಾಮರುಗಳು ಇದನ್ನೇ ಮಾಡಿದರು.

ಮೊದಮೊದಲು ಸನ್ ಕಂಪನಿಯ ಸೋಲಾರಿಸ್ ಯಂತ್ರಗಳಲ್ಲಿ ಇವು 'ಗ್ರೀನ್ ಥ್ರೆಡ್'ಗಳಾಗಿದ್ದವು. ಅಂದರೆ ಜಾವಾ ತಾನೇ ತನ್ನ ಮನೆಯೊಳಗೆ ಸುಧಾರಿಸುತ್ತಿದ್ದ ದಾರಗಳು, ಆಪರೇಟಿಂಗ್ ಸಿಸ್ಟಮ್ಮಿಗೆ ಅವುಗಳ ಲೆಕ್ಕ ಗೊತ್ತಿರಲಿಲ್ಲ. ಆದರೆ ಯಂತ್ರದಲ್ಲಿ ನಾಲ್ಕು ಪ್ರೊಸೆಸರ್ ಇದ್ದರೂ ಇವು ಒಂದನ್ನೇ ಬಳಸುತ್ತಿದ್ದವು. ಹಾಗಾಗಿ 2000ದ ಹೊತ್ತಿಗೆ ಆ ಪದ್ಧತಿ ಬಿಟ್ಟು, ಪ್ರತಿ ಜಾವಾ ದಾರಕ್ಕೂ ಆಪರೇಟಿಂಗ್ ಸಿಸ್ಟಮ್ಮಿನದೇ ಒಂದು ಅಸಲಿ ದಾರ ಪಡೆಯುವ ಪದ್ಧತಿ ಗಟ್ಟಿಯಾಯಿತು. ಇದಕ್ಕೇ 'ನೇಟಿವ್ ಥ್ರೆಡ್' ಅನ್ನೋದು. ನಮ್ಮ ಕಥೆ ಶುರುವಾಗೋದೇ ಇಲ್ಲಿಂದ. ಯಾಕೆಂದರೆ ಅಲ್ಲಿಂದ ಮುಂದೆ ಗುಮಾಸ್ತರ ನೇಮಕಾತಿ ಶಾಖೆಯ ಕೈಯಲ್ಲಿ ಉಳಿಯಲಿಲ್ಲ, ಹೆಡ್ ಆಫೀಸಿನ ಮಂಜೂರಾತಿ ಬೇಕಾಯಿತು! ಮಂಜೂರಾತಿ ಸಿಗದಿದ್ದರೆ ಜಾವಾ ಹೀಗೆ ಕೂಗುತ್ತಿತ್ತು: "ಔಟ್ ಆಫ್ ಮೆಮೊರಿ ಎರರ್: ಅನೇಬಲ್ ಟು ಕ್ರಿಯೇಟ್ ನ್ಯೂ ನೇಟಿವ್ ಥ್ರೆಡ್."

ಎಲ್ಲ ಎಡವಟ್ಟೂ ಆಗಿದ್ದು ಈ ವಾಕ್ಯದ ಮೊದಲರ್ಧದಿಂದ. 'ಮೆಮೊರಿ ಮುಗಿಯಿತು' ಅಂತ ಓದಿದವರು ಉಳಿದರ್ಧ ಓದುವ ಗೋಜಿಗೇ ಹೋಗುತ್ತಿರಲಿಲ್ಲ. ಜಾವಾ ತನ್ನ ಸಾಮಾನು ಇಟ್ಟುಕೊಳ್ಳುವ ಜಾಗಕ್ಕೆ 'ಹೀಪ್' ಅನ್ನುತ್ತಾರೆ, ಅದು ಎಷ್ಟಿರಬೇಕು ಅಂತ ನಾವೇ ಹೇಳಬಹುದು. ಸರಿ, ಹೀಪನ್ನು ದೊಡ್ಡದು ಮಾಡಿ ಮತ್ತೆ ಶುರು ಮಾಡುತ್ತಿದ್ದರು. ತಮಾಷೆ ಏನಂದರೆ, ಹಾಗೆ ಮಾಡಿದರೆ ಕಾಯಿಲೆ ಇನ್ನೂ ಬೇಗ ಮರುಕಳಿಸುತ್ತಿತ್ತು!

ಯಾಕೆ ಅಂತ ಲೆಕ್ಕ ಹಾಕೋಣ. ಆಗಿನ 32 ಬಿಟ್ ವಿಂಡೋಸಿನಲ್ಲಿ ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಸಿಗುತ್ತಿದ್ದ ವಿಳಾಸದ ಜಾಗ 2 ಜಿಬಿ. ಪ್ರತಿ ದಾರಕ್ಕೂ 'ಸ್ಟ್ಯಾಕ್' ಅಂತ ಒಂದು ಸ್ವಂತ ಕೋಣೆ ಬೇಕು. ಅದು ಹೀಪಿನೊಳಗಿಂದ ಬರುವುದಿಲ್ಲ, ಹೊರಗಿನ ಜಾಗದಿಂದ ಬರುತ್ತೆ. ಕೋಣೆಗೆ 1 ಎಂಬಿ ಅಂತ ಇಟ್ಟುಕೊಳ್ಳಿ. ಹೀಪಿಗೆ 1 ಜಿಬಿ ಕೊಟ್ಟರೆ ಉಳಿದದ್ದರಲ್ಲಿ ಹೆಚ್ಚೆಂದರೆ ಸಾವಿರ ದಾರ. ಹೀಪನ್ನು ಒಂದೂವರೆ ಜಿಬಿ ಮಾಡಿದಿರೋ, ಐನೂರೇ! 30-40 ಸೈಟಿನಲ್ಲಿ ಗೋಡೌನು ದೊಡ್ಡದು ಕಟ್ಟಿದಷ್ಟೂ ವಾಸದ ಕೋಣೆಗೆ ಜಾಗ ಕಮ್ಮಿಯಾಗುತ್ತೆ, ಅಷ್ಟೇ ವಿಷಯ. ಹೀಪು ಇಳಿಸುವುದು, ಇಲ್ಲವೇ ಕೋಣೆಯ ಅಳತೆ ಕಿರಿದು ಮಾಡುವುದು ಆಗಿನ ಸರಿಯಾದ ಮದ್ದು.

ಆಮೇಲೆ 64 ಬಿಟ್ ಯಂತ್ರಗಳು ಬಂದವು, ಸೈಟು ಹೊಲದಷ್ಟು ವಿಶಾಲವಾಯಿತು. ಲಿನಕ್ಸಿನಲ್ಲೂ ಉಲ್ರಿಚ್ ಡ್ರೆಪ್ಪರ್ ಮತ್ತು ಇಂಗೋ ಮೋಲ್ನಾರ್ ಬರೆದ ಹೊಸ ಥ್ರೆಡ್ ವ್ಯವಸ್ಥೆ 2003ರಲ್ಲಿ ಬಳಕೆಗೆ ಬಂದು, ದಾರ ಹುಟ್ಟಿಸುವುದು ಬಹಳ ಅಗ್ಗವಾಯಿತು. ಇನ್ನು ಈ ಎರರ್ ಮಾಯವಾಗುತ್ತೆ ಅಂತ ತಾನೆ ನೀವು ಅಂದುಕೊಳ್ಳೋದು? ಇಲ್ಲ. ಜಾಗದ ಬದಲು ಈಗ ಸಂಖ್ಯೆಯ ಮಿತಿ ಅಡ್ಡ ಬಂತು. ಒಬ್ಬ ಬಳಕೆದಾರನಿಗೆ ಇಷ್ಟೇ ದಾರ, ಇಡೀ ಯಂತ್ರಕ್ಕೆ ಇಷ್ಟೇ ದಾರ ಅಂತ ಲಿನಕ್ಸಿನಲ್ಲಿ ಕಟ್ಟುಪಾಡುಗಳಿವೆ. 2015ರಿಂದ ಪ್ರೋಗ್ರಾಮುಗಳ ಒಂದೊಂದು ಗುಂಪಿಗೂ ಪ್ರತ್ಯೇಕ ಮಿತಿ ಹಾಕಬಹುದು. ಹೀಗಾಗಿ ಖಜಾನೆಯಲ್ಲಿ ದುಡ್ಡು ತುಂಬಿ ತುಳುಕುತ್ತಿದ್ದರೂ, ಹೊಸ ಗುಮಾಸ್ತನ ಹುದ್ದೆ ಮಂಜೂರಾಗಿಲ್ಲ ಅನ್ನೋ ಕಾರಣಕ್ಕೆ ಬಾಗಿಲಲ್ಲಿ 'ಹಣ ಇಲ್ಲ' ಅಂತ ಬೋರ್ಡು!

ಈ ರೋಗ ಜಾವಾಕ್ಕೆ ಮಾತ್ರ ಸೇರಿದ್ದಲ್ಲ. 2020ರ ನವೆಂಬರ್ 25ರಂದು ಅಮೆಜಾನ್ ಕಂಪನಿಯ ಉತ್ತರ ವರ್ಜೀನಿಯಾ ಕೇಂದ್ರದಲ್ಲಿ 'ಕೈನೆಸಿಸ್' ಅನ್ನೋ ಸೇವೆ ಕುಸಿಯಿತು. ಅದನ್ನು ನಂಬಿಕೊಂಡಿದ್ದ ಇತರ ಸೇವೆಗಳೂ ಒಂದೊಂದಾಗಿ ತತ್ತರಿಸಿದವು. ಆಮೇಲೆ ಕಂಪನಿಯೇ ಪ್ರಕಟಿಸಿದ ವರದಿ ಓದುವಂತಿದೆ. ಅಲ್ಲಿನ ಮುಂಬಾಗಿಲ ಸರ್ವರುಗಳು ಪರಸ್ಪರ ಮಾತಾಡಿಕೊಳ್ಳಲು, ಪ್ರತಿಯೊಂದೂ ಉಳಿದ ಪ್ರತಿಯೊಂದಕ್ಕೂ ಒಂದು ದಾರ ಇಟ್ಟುಕೊಂಡಿರುತ್ತಿತ್ತು. ಆ ದಿನ ಬೆಳಗಿನ ಜಾವ ಒಂದಷ್ಟು ಹೊಸ ಸರ್ವರುಗಳನ್ನು ಸೇರಿಸಿದರು. ಸೇವೆ ಚೆನ್ನಾಗಿರಲಿ ಅಂತಲೇ ಸೇರಿಸಿದ್ದು! ಆದರೆ ಸರ್ವರು ಸೇರಿದಷ್ಟೂ ಎಲ್ಲ ಹಳೆಯ ಸರ್ವರುಗಳಲ್ಲೂ ದಾರ ಹೆಚ್ಚಾಗುತ್ತೆ. ಎಲ್ಲವೂ ಒಟ್ಟಿಗೆ ಮಿತಿ ಮುಟ್ಟಿದವು.

ನಮ್ಮ ಗಡಿಯಾರದಲ್ಲಿ ಆಗ ಸಂಜೆ 6:45, ಮೊದಲ ಅಲಾರಂ. ತಜ್ಞರಿಗೂ ಮೊದಲು ಅನುಮಾನ ಬಂದಿದ್ದು ಮೆಮೊರಿಯ ಮೇಲೆ. ಅದಲ್ಲ, ಆಪರೇಟಿಂಗ್ ಸಿಸ್ಟಮ್ಮಿನ ದಾರದ ಮಿತಿ ಅಂತ ಖಚಿತವಾಗುವ ಹೊತ್ತಿಗೆ ರಾತ್ರಿ 11:09. ನಾಲ್ಕು ಗಂಟೆಗೂ ಮೀರಿ! ಮಿತಿಯನ್ನು ತಕ್ಷಣ ಏರಿಸಲಿಲ್ಲ, ಪರೀಕ್ಷೆ ಮಾಡದೆ ಏರಿಸಿದರೆ ಇನ್ನೇನಾಗುತ್ತೋ ಅನ್ನೋ ಎಚ್ಚರಿಕೆ. ಸೇರಿಸಿದ್ದನ್ನು ತೆಗೆದು, ಎಲ್ಲ ಸರ್ವರುಗಳನ್ನೂ ನಿಧಾನವಾಗಿ ಮತ್ತೆ ಚಾಲೂ ಮಾಡುತ್ತಾ ಹೋದರು. ಪೂರ್ತಿ ಸರಿಹೋಗಿದ್ದು ಮಾರನೆಯ ದಿನ ನಮ್ಮ ಮಧ್ಯಾಹ್ನದ ಹೊತ್ತಿಗೆ. ಸರ್ವರುಗಳನ್ನು ಇನ್ನೂ ದೊಡ್ಡದಾಗಿಸಿ ಅವುಗಳ ಸಂಖ್ಯೆಯನ್ನೇ ಕಮ್ಮಿ ಮಾಡುತ್ತೇವೆ ಅಂತ ಕಂಪನಿ ಆಮೇಲೆ ಹೇಳಿತು. ಸಂಖ್ಯೆ ಕಮ್ಮಿಯಾದರೆ ದಾರವೂ ಕಮ್ಮಿ.

ಹಾಗಾದರೆ ಈ ಎರರ್ ಕಂಡಾಗ ಏನು ಮಾಡಬೇಕು? ಬಲ್ಲವರು ಹೇಳುವುದು ನಮ್ಮ ಆಡಿಟ್ ಪದ್ಧತಿಯೇ. ಮೊದಲು ತಲೆ ಎಣಿಸಿ: ಎಷ್ಟು ದಾರಗಳಿವೆ, ಮಿತಿ ಎಷ್ಟಿದೆ? ಅದೇ ಬಳಕೆದಾರನ ಹೆಸರಿನಲ್ಲಿ ಬೇರೆ ಪ್ರೋಗ್ರಾಮು ಓಡುತ್ತಿದ್ದರೆ ಅದರ ದಾರಗಳೂ ಅದೇ ಖಾತೆಗೆ ಬೀಳುತ್ತವೆ, ಅದನ್ನೂ ನೋಡಿ. ಆಮೇಲೆ 'ಥ್ರೆಡ್ ಡಂಪ್' ತೆಗೆದು ಹೆಸರು ಓದಿ. 'ಪೂಲ್-137-ಥ್ರೆಡ್-1' ಅನ್ನೋ ಥರದ ಹೆಸರುಗಳು ಸಾಲಾಗಿ, ನಡುವಿನ ಸಂಖ್ಯೆ ಏರುತ್ತಲೇ ಇದ್ದರೆ, ಯಾರೋ ಪ್ರತಿ ಕೆಲಸಕ್ಕೂ ಹೊಸ ತಂಡ ಕಟ್ಟಿ ವಿಸರ್ಜಿಸದೇ ಬಿಟ್ಟಿದ್ದಾರೆ ಅಂತ ತಿಳಿಯಿರಿ. ಅಂಥ ಕಡೆ ಮಿತಿ ಏರಿಸಿದರೆ ಸಾಲ ತೀರಿಸಲು ಸಾಲ ಕೊಟ್ಟಂತೆ.

ಈ ತಂಡಗಳ ಪದ್ಧತಿ ಅಧಿಕೃತವಾಗಿ ಬಂದಿದ್ದು 2004ರ ಜಾವಾ 5ರಲ್ಲಿ. ಅದರ ಹಿಂದಿನ ದೊಡ್ಡ ಹೆಸರು ಪ್ರೊಫೆಸರ್ ಡಗ್ ಲೀ ಅವರದ್ದು. ಇಷ್ಟೇ ಗುಮಾಸ್ತರು, ಉಳಿದವರು ಕ್ಯೂನಲ್ಲಿ ನಿಲ್ಲಲಿ ಅನ್ನೋ ಶಿಸ್ತು. ಆದರೆ ಕ್ಯೂಗೂ ಒಂದು ಕೊನೆ ಇರಬೇಕು, ಇಲ್ಲದಿದ್ದರೆ ಅದೇ ಬೆಳೆದು ಹೀಪನ್ನು ನುಂಗುತ್ತೆ. ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 21, 'ವರ್ಚುವಲ್ ಥ್ರೆಡ್'ಗಳನ್ನು ಕೊಟ್ಟಿತು. ಕೆಲವೇ ಅಸಲಿ ದಾರಗಳ ಮೇಲೆ ಲಕ್ಷಾಂತರ ಹಗುರ ದಾರಗಳು. ಗ್ರೀನ್ ಥ್ರೆಡ್ಡಿನ ಮೊಮ್ಮಗ ಅನ್ನಬಹುದು, ಆದರೆ ಇವನು ಎಲ್ಲ ಪ್ರೊಸೆಸರುಗಳನ್ನೂ ಬಳಸಬಲ್ಲ.

ಅಂದಹಾಗೆ, ಆ ಎರರಿನ ಒಕ್ಕಣೆಯೂ ಈಗ ಬದಲಾಗಿದೆ. ಮೆಮೊರಿ ಮುಗಿದಿರಬಹುದು, ಇಲ್ಲವೇ ಮಿತಿ ಮುಟ್ಟಿರಬಹುದು ಅನ್ನೋ ಮಾತನ್ನು ಹೊಸ ಜಾವಾಗಳಲ್ಲಿ ಸೇರಿಸಿದ್ದಾರೆ. ಸಣ್ಣ ಬದಲಾವಣೆ ನಿಜ. ಆದರೆ ಮಧ್ಯರಾತ್ರಿ ಕಣ್ಣುಜ್ಜಿಕೊಂಡು ಪರದೆ ನೋಡುವ ಹುಡುಗನೋ ಹುಡುಗಿಯೋ ತಪ್ಪು ದಾರಿ ಹಿಡಿಯದಂತೆ ಅದು ತಡೆಯಬಹುದು. ಹಣ ಇಲ್ಲ ಅಂತ ಬೋರ್ಡು ಕಂಡಾಗ ಖಜಾನೆಗೆ ಓಡುವ ಮುಂಚೆ, ಬೋರ್ಡು ಬರೆದವರು ಯಾರು ಅಂತಲೂ ಕೇಳಬೇಕು. ನಿಮ್ಮ ಮನೆಯ ಸಾಫ್ಟ್‌ವೇರಿನವರು ಏನಂತಾರೋ, ಕೇಳಿ ನೋಡಿ.