ಮನೆಯ ತೊಟ್ಟಿಯಲ್ಲಿ ಕಲ್ಲುಹವಳ: ಬೆಳೆಯುವುದು ಹೇಗೆ, ಗುರುತಿಸುವುದು ಹೇಗೆ?

ಹವಳ ಎಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಉಂಗುರದ ಕೆಂಪು ಹರಳು, ಇಲ್ಲವೇ ಕರಿಮಣಿ ಸರದಲ್ಲಿ ಪೋಣಿಸಿದ ಮಣಿ. ಕಡಲ ನೀರಿನ ಅಕ್ವೇರಿಯಂ ಇಟ್ಟವರು ಸಾಕುವ ಹವಳ ಸಾಮಾನ್ಯವಾಗಿ ಅದಲ್ಲ. ಒಡವೆಯ ಕೆಂಪು ಹವಳದ ಒಂದೊಂದು ಜೀವಿಗೂ ಎಂಟು ಗ್ರಹಣಾಂಗಗಳು. ಹವಳದ ದಿಬ್ಬಗಳನ್ನು ಕಟ್ಟುವ ಕಲ್ಲುಹವಳಗಳಲ್ಲಿ ಅವು ಸಾಮಾನ್ಯವಾಗಿ ಆರರ ಮಗ್ಗಿಯ ಲೆಕ್ಕದಲ್ಲಿರುತ್ತವೆ. ವಿಜ್ಞಾನಿಗಳು ಇವನ್ನು ಸ್ಕ್ಲೆರಾಕ್ಟೀನಿಯಾ ಎಂಬ ಗಣಕ್ಕೆ ಸೇರಿಸುತ್ತಾರೆ.

ಕಲ್ಲೋ, ಗಿಡವೋ, ಪ್ರಾಣಿಯೋ?

ಕಲ್ಲುಹವಳ ಪ್ರಾಣಿ. ಪಾಲಿಪ್ ಎಂದು ಕರೆಯುವ ಪುಟ್ಟ ಜೀವಿಗಳು ನೀರಿನಿಂದ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಪಡೆದು ತಮ್ಮ ಕೆಳಗೆ ಸುಣ್ಣಕಲ್ಲಿನ ಬಟ್ಟಲು ಕಟ್ಟಿಕೊಳ್ಳುತ್ತವೆ. ದಿಬ್ಬ ಕಟ್ಟುವ ಹವಳಗಳ ಅಂಗಾಂಶದೊಳಗೆ ಸೂಕ್ಷ್ಮ ಪಾಚಿಗಳೂ ಇರುತ್ತವೆ. ಅವು ಬೆಳಕಿನಿಂದ ಆಹಾರ ತಯಾರಿಸಿ ಹವಳಕ್ಕೆ ಹಂಚುತ್ತವೆ. ಹಾಗಾಗಿ ಇದನ್ನು ಸಾಕುವವರು ಪ್ರಾಣಿಯ ಜೊತೆಗೆ ಪಾಚಿಗೆ ಬೇಕಾದ ಬೆಳಕನ್ನೂ, ಕಲ್ಲಿಗೆ ಬೇಕಾದ ಸುಣ್ಣವನ್ನೂ ಒದಗಿಸಬೇಕು.

ನೀರಿನಲ್ಲಿ ಏನೇನಿರಬೇಕು?

ಉಷ್ಣತೆ 24ರಿಂದ 27 ಡಿಗ್ರಿ ಸೆಲ್ಸಿಯಸ್, ಉಪ್ಪು ಪ್ರತಿ ಕಿಲೋ ನೀರಿಗೆ ಸುಮಾರು 35 ಗ್ರಾಂ. ಲೀಟರಿಗೆ 400ರಿಂದ 450 ಮಿಲಿಗ್ರಾಂ ಕ್ಯಾಲ್ಸಿಯಂ, 1,250ರಿಂದ 1,350 ಮಿಲಿಗ್ರಾಂ ಮೆಗ್ನೀಸಿಯಂ. ಕ್ಷಾರೀಯತೆ 7ರಿಂದ 11 ಡಿಕೆಎಚ್. ಅಮೋನಿಯಾ ಇರಲೇಬಾರದು.

ಈ ಅಂಕಿಗಳನ್ನು ಮುಟ್ಟುವುದಕ್ಕಿಂತ ಅವನ್ನು ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳುವುದು ಕಷ್ಟ. ಹವಳ ಬೆಳೆದಷ್ಟೂ ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಇಳಿಯುತ್ತವೆ. ಇಳಿದದ್ದನ್ನು ಒಮ್ಮೆಗೇ ಏರಿಸಿದರೆ ಹವಳದ ಅಂಗಾಂಶ ಕಲ್ಲಿನಿಂದ ಕಿತ್ತುಬರಬಹುದು. ಇದಕ್ಕೆ ಹಳೆಯ, ಇಂದಿಗೂ ಬಳಕೆಯಲ್ಲಿರುವ ಉಪಾಯ ಸುಣ್ಣದ ತಿಳಿನೀರು. ಅದು ಕ್ಯಾಲ್ಸಿಯಂ ಮತ್ತು ಕ್ಷಾರೀಯತೆ ಎರಡನ್ನೂ ಹವಳ ಬಳಸುವ ಪ್ರಮಾಣದಲ್ಲೇ ತುಂಬಿಕೊಡುತ್ತದೆ. ಆದರೆ ಅದರ ಪಿಎಚ್ 12ರ ಆಸುಪಾಸು. ಹನಿಹನಿಯಾಗಿಯೇ ಬೀಳಬೇಕು, ಶುದ್ಧ ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಿಂದಲೇ ತಯಾರಾಗಬೇಕು. ಎಲೆಯಡಿಕೆಯ ಸುಣ್ಣ ಇದಕ್ಕೆ ಒದಗುವುದಿಲ್ಲ.

ಇನ್ನೊಂದು ಸಾಮಾನ್ಯ ತಪ್ಪು: ತೊಟ್ಟಿಯ ನೀರು ಇಂಗಿದಾಗ ಉಪ್ಪುನೀರು ಸುರಿಯುವುದು. ಆವಿಯಾಗುವುದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ತುಂಬಬೇಕಾದ್ದು ಶುದ್ಧೀಕರಿಸಿದ ಸಿಹಿನೀರು.

ಗುರುತಿಸಲು ಬಣ್ಣ ನಂಬಬಹುದೇ?

ಇಲ್ಲ. ಒಂದೇ ಹವಳ ಮಂದ ಬೆಳಕಿನಲ್ಲಿ ಕಂದು, ಪ್ರಖರ ಬೆಳಕಿನಲ್ಲಿ ನೇರಳೆ ಆಗಬಹುದು. ಅಂಗಡಿಯವರು ಇಡುವ ಆಕರ್ಷಕ ಹೆಸರುಗಳಿಗೂ ಪ್ರಭೇದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ಹವ್ಯಾಸಿಗಳ ‘ಎಸ್‌ಪಿಎಸ್’, ‘ಎಲ್‌ಪಿಎಸ್’ ಎಂಬ ವಿಂಗಡಣೆ ಪಾಲಿಪ್ ಚಿಕ್ಕದೋ ದೊಡ್ಡದೋ ಎಂದಷ್ಟೇ ಹೇಳುತ್ತದೆ, ಅದು ವೈಜ್ಞಾನಿಕ ವರ್ಗೀಕರಣವಲ್ಲ. ಹೆಚ್ಚು ನಂಬಬಹುದಾದ ಗುರುತುಗಳು ಇವು:

- ಕವಲಿನ ತುದಿ: ಪ್ರತಿ ಕವಲಿನ ತುದಿಯಲ್ಲೂ ಎದ್ದು ಕಾಣುವ ಒಂದು ಬಟ್ಟಲು ಇದ್ದರೆ ಅದು ಅಕ್ರೊಪೊರಾ. ಮಾಂಟಿಪೊರಾದಲ್ಲಿ ಹೀಗಿರದೆ ಸಣ್ಣ ಬಟ್ಟಲುಗಳು ಎಲ್ಲೆಡೆ ಹರಡಿರುತ್ತವೆ.
- ಬಟ್ಟಲಿನ ಗೋಡೆ: ಗುಂಡಗೆ ಉಬ್ಬಿ ಬೆಳೆಯುವ ಹವಳಗಳಲ್ಲಿ ಅಕ್ಕಪಕ್ಕದ ಬಟ್ಟಲುಗಳಿಗೆ ಒಂದೇ ಗೋಡೆ ಇದ್ದರೆ ಫೇವೈಟಿಸ್. ಪ್ರತಿಯೊಂದಕ್ಕೂ ತನ್ನದೇ ಗೋಡೆ ಇದ್ದು ನಡುವೆ ಸಂದು ಕಂಡರೆ, ಹಿಂದೆ ಫೇವಿಯಾ ಎನ್ನುತ್ತಿದ್ದ ಡಿಪ್ಸಾಸ್ಟ್ರಿಯಾ ಇರಬಹುದು.
- ಗ್ರಹಣಾಂಗಗಳ ಸಂಖ್ಯೆ: ಹೂಗೊಂಚಲಿನಂತೆ ಕಾಣುವ ಎರಡು ಹವಳಗಳಲ್ಲಿ ಗೋನಿಯೊಪೊರಾಗೆ 24, ಆಲ್ವಿಯೊಪೊರಾಗೆ 12.
- ಗ್ರಹಣಾಂಗದ ತುದಿ: ಟಾರ್ಚ್ ಹವಳದಲ್ಲಿ ತುದಿ ಗುಂಡು, ಹ್ಯಾಮರ್ ಹವಳದಲ್ಲಿ ಸುತ್ತಿಗೆಯ ಆಕಾರ. ಹಿಂದೆ ಎರಡೂ ಯೂಫಿಲಿಯಾ ಕುಲದಲ್ಲಿದ್ದವು. 2017ರಲ್ಲಿ ಹ್ಯಾಮರ್ ಹವಳವನ್ನು ಫಿಂಬ್ರಿಯಾಫಿಲಿಯಾ ಕುಲಕ್ಕೆ ಸೇರಿಸಲಾಯಿತು.

ಈ ಗುರುತುಗಳಿಂದ ಕುಲದ ಮಟ್ಟ ತಲುಪಬಹುದು. ಪ್ರಭೇದ ಹೇಳಲು ಅನೇಕ ಬಾರಿ ಅಸ್ಥಿಪಂಜರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಇಲ್ಲವೇ ಡಿಎನ್‌ಎ ಪರೀಕ್ಷೆ ಮಾಡಬೇಕು.

ಹವಳವನ್ನು ತೊಟ್ಟಿಯಲ್ಲಿ ಎಲ್ಲಿ ಇಡಬೇಕು ಎಂಬುದೂ ಅದರ ಗುರುತನ್ನೇ ಅವಲಂಬಿಸಿದೆ. ಅಕ್ರೊಪೊರಾಗೆ ಪ್ರಖರ ಬೆಳಕು ಮತ್ತು ಜೋರಾದ ನೀರಿನ ಹರಿವು ಬೇಕು. ಟಾರ್ಚ್ ಹವಳಕ್ಕೆ ಎರಡೂ ಮಧ್ಯಮವಾಗಿದ್ದರೆ ಸಾಕು. ಆದರೆ ಅದು ಉದ್ದದ ಗ್ರಹಣಾಂಗಗಳನ್ನು ಚಾಚಿ ಪಕ್ಕದ ಹವಳವನ್ನು ಕುಟುಕುವುದರಿಂದ ಸುತ್ತ ಒಂದು ಗೇಣಾದರೂ ಜಾಗ ಬಿಡಬೇಕು.

ಬೆಳ್ಳಗಾದರೆ ಸತ್ತಂತೆಯೇ?

ಷೋಕೇಸಿನ ಬಿಳಿ ಹವಳ ನೋಡಿ ಅದೇ ಹವಳದ ನಿಜ ಬಣ್ಣ ಎಂದುಕೊಳ್ಳುವವರಿದ್ದಾರೆ. ಅದು ಬರೀ ಅಸ್ಥಿಪಂಜರ. ಜೀವಂತ ಹವಳವೂ ಬೆಳ್ಳಗಾಗಬಹುದು. ನೀರು ಬಿಸಿಯಾದಾಗ ಅಥವಾ ಬೆಳಕು ಏಕಾಏಕಿ ಹೆಚ್ಚಿದಾಗ ಹವಳ ತನ್ನ ಪಾಚಿಗಳನ್ನು ಕಳೆದುಕೊಳ್ಳುತ್ತದೆ. ಆಗ ಪಾರದರ್ಶಕ ಅಂಗಾಂಶದ ಮೂಲಕ ಕಲ್ಲು ಕಾಣುತ್ತದೆ. ಅಂಗಾಂಶ ಉಳಿದಿದ್ದರೆ ಹವಳಕ್ಕೆ ಇನ್ನೂ ಜೀವ ಇದೆ. ಉಷ್ಣತೆ ಸರಿಪಡಿಸಿ, ಬೆಳಕು ತಗ್ಗಿಸಿದರೆ ಚೇತರಿಸಿಕೊಳ್ಳುವ ಸಾಧ್ಯತೆ ಇದೆ. ಅಂಗಾಂಶ ಹೋಗಿ, ಬರಿಯ ಕಲ್ಲಿನ ಮೇಲೆ ಹಸಿರು ಪಾಚಿ ಹಬ್ಬಿದ್ದರೆ ಆ ಭಾಗ ಸತ್ತಿದೆ.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ ಕಲ್ಲುಹವಳಗಳ ಇಡೀ ಗಣವೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಇವಕ್ಕೂ ಇದೆ. ಕಡಲಿನಿಂದ ತೆಗೆಯುವುದು, ಮಾರುವುದು ಅಪರಾಧ. ಸತ್ತ ಹವಳದ ತುಂಡಿಗೂ ಇದು ಅನ್ವಯ. ಈ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ 3ರಿಂದ 7 ವರ್ಷ ಜೈಲು ಶಿಕ್ಷೆಗೆ ಅವಕಾಶವಿದೆ. ಟಾರ್ಚ್ ಹವಳ ನೋಡಲು ಮೆತ್ತಗಿರುತ್ತದೆ. ‘ಇದು ಕಲ್ಲುಹವಳ ಅಲ್ಲ, ಮೆದು ಹವಳ’ ಎಂದು ಯಾರಾದರೂ ಮಾರಲು ಬಂದರೆ ಅದರ ಬುಡ ನೋಡಿ. ಗಟ್ಟಿ ಬಟ್ಟಲಿದ್ದರೆ ಅದು ಕಲ್ಲುಹವಳವೇ.

ಕಲ್ಲುಹವಳಗಳು ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಯಲ್ಲೂ ಇವೆ. ಸಾಕಲು ಅವಕಾಶವಿರುವ ದೇಶಗಳಲ್ಲಿ ನೆಲೆಸಿರುವವರು, ಕಡಲಿನಿಂದ ಕಿತ್ತ ಹವಳದ ಬದಲು ತೊಟ್ಟಿಯಲ್ಲೇ ಬೆಳೆಸಿ ಕತ್ತರಿಸಿದ ತುಂಡನ್ನು ಕೇಳಿ ಪಡೆಯುವುದು ಒಳ್ಳೆಯದು. ಬೆಳೆಯಲು ತಾಳ್ಮೆ ಬೇಕು: ಕವಲೊಡೆಯುವ ಅಕ್ರೊಪೊರಾ ಕಡಲಿನಲ್ಲಿ ವರ್ಷಕ್ಕೆ 10 ಸೆಂಟಿಮೀಟರ್‌ವರೆಗೆ ಬೆಳೆದರೆ, ಗುಂಡಗೆ ಬೆಳೆಯುವ ಪೊರೈಟಿಸ್ ಬೆಳೆಯುವುದು ಸುಮಾರು 1 ಸೆಂಟಿಮೀಟರ್. ನಮ್ಮಲ್ಲಿ ಹವಳ ನೋಡುವ ಆಸೆಯಿದ್ದರೆ ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ನೀರಿನಲ್ಲಿ ಸ್ಕೂಬಾ ಡೈವಿಂಗ್ ಮಾಡಿ ನೋಡಬಹುದು, ಮುಟ್ಟದೆ.