ಟೌನ್‌ಹಾಲಿನ ಮೆಟ್ಟಿಲುಗಳೂ ನಮ್ಮ ಇತಿಹಾಸವೂ

ಮುಂಬಯಿಯ ಕೋಟೆ ಪ್ರದೇಶದಲ್ಲಿ, ಹಾರ್ನಿಮನ್ ಸರ್ಕಲಿನ ಬಳಿ, ಮೂವತ್ತು ಕಲ್ಲುಮೆಟ್ಟಿಲುಗಳ ಮೇಲೆ ದಪ್ಪ ಕಂಬಗಳ ಸಾಲನ್ನು ಮುಂದಿಟ್ಟುಕೊಂಡು ನಿಂತಿರುವ ಕಟ್ಟಡವನ್ನು ನಮ್ಮಲ್ಲಿ ಬಹುಮಂದಿ ಕಂಡವರೇ. ಬ್ಯಾಂಕಿಗೆ, ಕಚೇರಿಗೆ, ಹೋಟೆಲಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಅದರ ಮುಂದೆಯೇ ಹಾದುಹೋಗುತ್ತೇವೆ. 1833ರಲ್ಲಿ ಕಟ್ಟಿ ಮುಗಿಸಿದ ಈ ಟೌನ್‌ಹಾಲಿನಲ್ಲಿ ಏಶಿಯಾಟಿಕ್ ಸೊಸೈಟಿ ಇದೆಯೆಂಬುದೂ ತಕ್ಕಮಟ್ಟಿಗೆ ತಿಳಿದ ಸಂಗತಿಯೇ. ಆದರೆ ಅದು ಪಂಡಿತರ ಮನೆ, ನಮಗಲ್ಲ ಎಂದುಕೊಂಡು ಮೆಟ್ಟಿಲು ಹತ್ತದೆ ಇದ್ದವರೇ ಹೆಚ್ಚು. ನಾವು ಇಂದು ಆಚರಿಸುತ್ತಿರುವ ರಾಜ್ಯೋತ್ಸವದ ಬೇರುಗಳಲ್ಲಿ ಒಂದು ಆ ಮೆಟ್ಟಿಲುಗಳಾಚೆಯ ಕಪಾಟುಗಳವರೆಗೂ ಹೋಗುತ್ತದೆ ಎಂಬುದನ್ನು ಬಾಂಧವರ ಗಮನಕ್ಕೆ ತರುವುದೇ ಈ ಲೇಖನದ ಉದ್ದೇಶ.

1804ರ ನವೆಂಬರ್ 26ರಂದು ಸರ್ ಜೇಮ್ಸ್ ಮ್ಯಾಕಿಂಟಾಶ್ ಎಂಬ ನ್ಯಾಯಾಧೀಶರು ಕೆಲವು ಮಿತ್ರರೊಡನೆ ಇಲ್ಲಿ ಒಂದು ಸಾಹಿತ್ಯ ಸಂಘವನ್ನು ಸ್ಥಾಪಿಸಿದರು. ಅದೇ ಮುಂದೆ ಏಶಿಯಾಟಿಕ್ ಸೊಸೈಟಿಯಾಗಿ ಬೆಳೆಯಿತು. ಮೊದಲು ಅದು ಇಂಗ್ಲಿಷರದೇ ಕೂಟ. ಮಾಣಕ್‌ಜಿ ಕರ್ಸೆಟ್‌ಜಿಯವರು ಮೊದಲ ಭಾರತೀಯ ಸದಸ್ಯರಾದದ್ದು 1840ರಲ್ಲಿ. ಇಂಥ ಸಂಸ್ಥೆಗೂ ಕನ್ನಡಕ್ಕೂ ಏನು ನಂಟು ಎಂದು ಕೇಳಬಹುದು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರವರೆಗೂ ಮುಂಬಯಿಯ ಆಡಳಿತಕ್ಕೆ ಸೇರಿದ್ದವು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಗಿತ್ತು. ಆ ಸೀಮೆಯ ಗುಡಿಗಳ ಮುಂದೆ, ಕೆರೆಯ ಏರಿಗಳ ಮೇಲೆ ನಿಂತಿದ್ದ ಶಾಸನಗಳನ್ನು ಓದಿದ ಅಧಿಕಾರಿಗಳಿಗೆ ಅವನ್ನು ಅಚ್ಚು ಹಾಕಿಸಲು ಸಿಕ್ಕ ವೇದಿಕೆಗಳಲ್ಲಿ ಈ ಸೊಸೈಟಿಯ ಪತ್ರಿಕೆಯೂ ಒಂದು.

ಇವರಲ್ಲಿ ಕನ್ನಡಿಗರು ಮರೆಯಬಾರದ ಹೆಸರು ಜಾನ್ ಫೇಥ್‌ಫುಲ್ ಫ್ಲೀಟ್ ಅವರದು. 1867ರಲ್ಲಿ ಮುಂಬಯಿ ಸರಕಾರದ ಸೇವೆಗೆ ಬಂದ ಫ್ಲೀಟರು ಹಳಗನ್ನಡವನ್ನು ಕಲಿತು, ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳನ್ನು, ಕದಂಬರ ಶಾಸನಗಳನ್ನು ಈ ಸೊಸೈಟಿಯ ಪತ್ರಿಕೆಯಲ್ಲಿ ಬೆಳಕಿಗೆ ತಂದರು. ಜೇಮ್ಸ್ ಬರ್ಜೆಸ್ ಅವರು 1872ರಲ್ಲಿ ಮುಂಬಯಿಯಿಂದಲೇ ಆರಂಭಿಸಿದ 'ಇಂಡಿಯನ್ ಆಂಟಿಕ್ವೆರಿ'ಯಲ್ಲಿ ಐಹೊಳೆಯ ಶಾಸನದ ಪಾಠವನ್ನು ಪ್ರಕಟಿಸಿದರು. ಕ್ರಿ.ಶ. 634ರ ಆ ಶಾಸನದಲ್ಲಿ ರವಿಕೀರ್ತಿ ಎಂಬ ಕವಿ, ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷನನ್ನು ತಡೆದು ನಿಲ್ಲಿಸಿದ ಪ್ರತಾಪವನ್ನು ಹಾಡಿದ್ದಾನೆ. ಇಂದು ನಮ್ಮ ಶಾಲೆಯ ಮಕ್ಕಳು ಬಾಯಿಪಾಠ ಹೇಳುವ ಪುಲಕೇಶಿಯ ಕಥೆ ವಿದ್ವಲ್ಲೋಕಕ್ಕೆ ತಲುಪಿದ್ದು ಇಂಥ ಓದಿನಿಂದ.

ಇನ್ನೊಂದು ಸ್ವಾರಸ್ಯವಾದ ಸಂಗತಿಯುಂಟು. ಫ್ಲೀಟರು ಕಲ್ಲುಗಳನ್ನು ಮಾತ್ರ ಓದಲಿಲ್ಲ. ಜನರ ಬಾಯಲ್ಲಿದ್ದ ಲಾವಣಿಗಳನ್ನೂ ಬರೆದುಕೊಂಡರು. ಕಂಪನಿ ಸರಕಾರ 1831ರಲ್ಲಿ ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನ ಹಾಡು, 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಎದುರು ನಿಂತ ಹಲಗಲಿಯ ಬೇಡರ ಹಾಡು ಆ ಸಂಗ್ರಹದಲ್ಲಿವೆ. ಯಾವ ರಾಜ್ಯದ ವಿರುದ್ಧ ಜನ ಹಾಡಿದರೋ ಅದೇ ರಾಜ್ಯದ ಅಧಿಕಾರಿ ಅವನ್ನು ಅಚ್ಚಿಗೆ ಕೊಟ್ಟರು. ಆಳುವವರು ತಮ್ಮ ಕಾರ್ಯಕ್ಕೆ ಕೂಡಿಸಿದ ಸಾಮಗ್ರಿ ಆಳಿಸಿಕೊಂಡವರ ಸ್ವಾಭಿಮಾನಕ್ಕೂ ಒದಗುವುದು ಹೀಗೆ.

ಒದಗಿತು ಕೂಡ. ರಾಮಕೃಷ್ಣ ಭಾಂಡಾರಕರರ ದಖ್ಖನದ ಪ್ರಾಚೀನ ಇತಿಹಾಸವೂ ಫ್ಲೀಟರ 'ಕನ್ನಡ ಜಿಲ್ಲೆಗಳ ರಾಜವಂಶಗಳು' ಎಂಬ ಗ್ರಂಥವೂ 1896ರ ಮುಂಬಯಿ ಗೆಜೆಟಿಯರಿನ ಒಂದೇ ಸಂಪುಟದಲ್ಲಿ ಸೇರಿ ಬಂದವು. ಕದಂಬ, ಚಾಲುಕ್ಯ, ರಾಷ್ಟ್ರಕೂಟ ವಂಶಗಳು ಅಲ್ಲಿ ಒಂದರ ಹಿಂದೊಂದು ಸಾಲಾಗಿ ನಿಂತವು. ಪುಣೆ-ಮುಂಬಯಿಗಳಲ್ಲಿ ಓದಿದ ಆಲೂರ ವೆಂಕಟರಾಯರು ಇಂಥ ಸಂಶೋಧನೆಯ ಸಾರವನ್ನು ಹೀರಿ, ಪಂಡಿತರ ಇಂಗ್ಲಿಷಿನಲ್ಲಿದ್ದುದನ್ನು ಜನರ ಕನ್ನಡಕ್ಕೆ ತಿರುಗಿಸಿ, 1917ರಲ್ಲಿ 'ಕರ್ನಾಟಕ ಗತವೈಭವ'ವನ್ನು ಹೊರತಂದರು. ಹರಿದು ಹಂಚಿಹೋಗಿದ್ದ ನಾಡು ಒಂದೇ ಎಂಬ ನಂಬಿಕೆಗೆ ಆ ಪುಸ್ತಕ ಬಲ ಕೊಟ್ಟಿತು. ಏಕೀಕರಣದ ಕಟ್ಟಡದ ತಳಪಾಯದಲ್ಲಿ ಶಾಸನದ ಕಲ್ಲುಗಳೂ ಇವೆ ಎಂದರೆ ಅತಿಶಯೋಕ್ತಿಯಲ್ಲ.

ಈ ಕಾರ್ಯ ಟೌನ್‌ಹಾಲಿನಲ್ಲಿಯೇ ನಿಲ್ಲಲಿಲ್ಲ. ಸ್ಪೇನ್ ದೇಶದ ಪಾದ್ರಿ ಹೆನ್ರಿ ಹೆರಾಸ್ ಅವರು 1926ರಲ್ಲಿ ಇದೇ ನಗರದ ಸೇಂಟ್ ಝೇವಿಯರ್ ಕಾಲೇಜಿನಲ್ಲಿ ಇತಿಹಾಸ ಸಂಶೋಧನ ಸಂಸ್ಥೆಯನ್ನು ತೆರೆದು, ಮರುವರ್ಷವೇ ವಿಜಯನಗರದ ಅರವೀಡು ವಂಶದ ಮೇಲೆ ದೊಡ್ಡ ಗ್ರಂಥವನ್ನು ಪ್ರಕಟಿಸಿದರು. ಅವರ ಶಿಷ್ಯರಾದ ಜಾರ್ಜ್ ಮೊರಾಯಿಸ್ ಅವರ 'ಕದಂಬ ಕುಲ' 1931ರಲ್ಲಿ ಬಂದಿತು. ಬನವಾಸಿಯ ಅರಸರ ಚರಿತ್ರೆ ಮುಂಬಯಿಯಲ್ಲಿ ಅಚ್ಚಾದದ್ದು ನಮಗೆ ಸಂತೋಷ ತರಬೇಕಾದ ವಿಷಯ.

ಇನ್ನು ಇಂಥ ಸಂಸ್ಥೆ ನಮ್ಮ ಸಂಸಾರಗಳಿಗೆ ಯಾವ ಪ್ರಯೋಜನಕ್ಕೆ? ಮೊದಲನೆಯದು ಪ್ರದರ್ಶನ. ಸೊಸೈಟಿಯು ತನ್ನ ನಿಧಿಗಳನ್ನು ಆಗಾಗ ಸಾರ್ವಜನಿಕರಿಗೆ ತೋರಿಸುತ್ತ ಬಂದಿದೆ. 1882ರಲ್ಲಿ ಭಗವಾನಲಾಲ ಇಂದ್ರಜಿಯವರು ಸೋಪಾರೆಯ ಸ್ತೂಪದಿಂದ ತೆಗೆದ ಕರಂಡಕಗಳು ಅದರ ವಶದಲ್ಲಿವೆ. ವಿರಾರ್ ಗಾಡಿಯಲ್ಲಿ ದಿನವೂ ನಾಲಾಸೋಪಾರಾ ನಿಲ್ದಾಣದ ಹೆಸರು ಕೇಳುವ ನಮ್ಮ ಮಕ್ಕಳಿಗೆ, ಅದು ಅಶೋಕನ ಕಾಲದ ಬಂದರು ಎಂದು ತೋರಿಸಿಕೊಡಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಎರಡನೆಯದು ಉಪನ್ಯಾಸ. ವಿದ್ವಾಂಸರ ಭಾಷಣಗಳನ್ನು ಕೇಳಲು ಆಸಕ್ತಿಯೊಂದಿದ್ದರೆ ಸಾಕು. ಮೂರನೆಯದು ಸಂಶೋಧನೆ. ಧರ್ಮಶಾಸ್ತ್ರದ ಇತಿಹಾಸವನ್ನು ಬರೆದು 1963ರಲ್ಲಿ ಭಾರತರತ್ನರಾದ ಪಾಂಡುರಂಗ ವಾಮನ ಕಾಣೆಯವರು ಈ ಗ್ರಂಥಾಲಯದಲ್ಲಿ ಕುಳಿತು ಓದಿದವರು. ಅವರ ಹೆಸರಿನ ಸಂಶೋಧನ ವಿಭಾಗವೂ ಸೊಸೈಟಿಯಲ್ಲಿದೆ. ಹಳೆಯ ಗ್ರಂಥ, ಪತ್ರಿಕೆ, ನಕಾಶೆಗಳನ್ನು 'ಗ್ರಂಥ ಸಂಜೀವನಿ' ಎಂಬ ಹೆಸರಿನಲ್ಲಿ ಗಣಕಯಂತ್ರಕ್ಕೆ ಏರಿಸಿರುವುದರಿಂದ ಡೊಂಬಿವಿಲಿಯ ಮನೆಯಲ್ಲಿದ್ದುಕೊಂಡೂ ಎಷ್ಟೋ ಓದಬಹುದಾಗಿದೆ.

ಆದರೆ ಒಂದು ಮಾತನ್ನು ಮರೆಮಾಚದೆ ಹೇಳಬೇಕು. ಕಪಾಟಿನಲ್ಲಿ ಎಷ್ಟೇ ಸಂಪತ್ತಿರಲಿ, ಲಿಪಿ ಬಲ್ಲವರು ಇಲ್ಲವಾದರೆ ಅದು ಮೂಕ. ನಮ್ಮ ಮನೆಗಳ ಮಕ್ಕಳು ಕನ್ನಡವನ್ನು ಆಡುತ್ತಾರೆ; ಓದುವವರು ಕಡಿಮೆಯಾಗುತ್ತಿದ್ದಾರೆ. ಅಜ್ಜ ಊರಿಗೆ ಬರೆದ ಕಾಗದವನ್ನು ಮೊಮ್ಮಗ ಓದಲಾರದ ದಿನ ಬಂದರೆ, ಆ ಮನೆಯ ಇತಿಹಾಸ ಅಲ್ಲಿಗೇ ಮುಗಿಯಿತು. ಫ್ಲೀಟರು ಪರದೇಶದಿಂದ ಬಂದು ಹಳಗನ್ನಡ ಕಲಿತರು. ನಾವು ನಮ್ಮ ಮಕ್ಕಳಿಗೆ ಅಕ್ಷರಮಾಲೆಯನ್ನಾದರೂ ಕಲಿಸಬಾರದೆ?

ಅರಸರಿಗೆ ಮಾತ್ರ ಇತಿಹಾಸವೆಂದು ಬಗೆಯುವುದೂ ತಪ್ಪು. ಮಂಗಳೂರಿನಿಂದ ಹಡಗಿನಲ್ಲಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಇರುಳು ರಾತ್ರಿಶಾಲೆಯಲ್ಲಿ ಓದಿ ಮೇಲೆ ಬಂದವರ ಬದುಕೂ ಇತಿಹಾಸವೇ. ಅದರ ಶಾಸನಗಳು ನಮ್ಮ ಟ್ರಂಕುಗಳಲ್ಲಿವೆ: ಕಾಗದಗಳು, ಮನಿಯಾರ್ಡರಿನ ರಸೀದಿಗಳು, ಲೆಕ್ಕದ ಪುಸ್ತಕಗಳು, ನಾಟಕದ ಕರಪತ್ರಗಳು, ಹಿಂಬದಿಯಲ್ಲಿ ಹೆಸರು ಬರೆಯದ ಫೋಟೋಗಳು. ಮನೆ ಬದಲಾಯಿಸುವಾಗ ಇವು ರದ್ದಿಯವನ ತಕ್ಕಡಿಗೆ ಬೀಳುತ್ತಿವೆ. ಹಿರಿಯರು ನಮ್ಮೊಡನಿರುವಾಗಲೇ ಅವರನ್ನು ಕೇಳಿ ಹೆಸರು, ಊರು, ವರ್ಷಗಳನ್ನು ಬರೆದಿಡೋಣ. ಬರುವ ರಾಜ್ಯೋತ್ಸವಕ್ಕೆ ಹಾಡು, ನಾಟಕ, ಊಟಗಳ ಜೊತೆಗೆ ಇವುಗಳದೂ ಒಂದು ಪ್ರದರ್ಶನವನ್ನು ಏರ್ಪಡಿಸೋಣ. ಅದಕ್ಕೆ ಮೊದಲು, ಒಂದು ದಿನ ಬಿಡುವು ಮಾಡಿಕೊಂಡು, ಮಕ್ಕಳ ಕೈಹಿಡಿದು ಆ ಮೂವತ್ತು ಮೆಟ್ಟಿಲುಗಳನ್ನು ಹತ್ತಿಬರೋಣ.